ಮನೆಯ ಫ್ಯಾಕ್ಸ್ ಯಂತ್ರ ಮತ್ತು ಅದರೊಡನೆ ಇರಬೇಕಾದ ಇತರ ಫೋನುಗಳು

ಒಂದೇ ದೂರವಾಣಿ ಸಂಖ್ಯೆ ಇರುವ ಮನೆಯಲ್ಲಿ ಫ್ಯಾಕ್ಸ್ ಯಂತ್ರವೊಂದು ಇದ್ದು, ಅದರ ಜೊತೆಗೆ ನಡುಮನೆಯಲ್ಲೊಂದು, ಉಪ್ಪರಿಗೆಯಲ್ಲೊಂದು ಎಂದು ಬೇರೆ ಫೋನುಗಳೂ ಇದ್ದಾಗ ಏಳುವ ತೊಂದರೆಗಳು ಹಲವು ಬಗೆಯವಾಗಿ ಕಂಡರೂ, ಅವೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯಲ್ಲಿ: ಕರೆ ಬಂದಾಗ ಲೈನನ್ನು ಮೊದಲು ಹಿಡಿಯುವವರು ಯಾರು, ಹಿಡಿದವರು ಅದನ್ನು ಬೇಕಾದವರಿಗೆ ಹೇಗೆ ದಾಟಿಸುತ್ತಾರೆ. ಈ ಪ್ರಶ್ನೆಗೆ ಉತ್ತರ ಅರ್ಧ ತಂತಿಯಲ್ಲಿದೆ, ಇನ್ನರ್ಧ ಮನೆಯವರ ಅಭ್ಯಾಸದಲ್ಲಿದೆ. ಯಂತ್ರದ ಕೈಪಿಡಿಗಳು ಮೊದಲರ್ಧವನ್ನು ಚಿತ್ರ ಸಮೇತ ಹೇಳುತ್ತವೆ, ಎರಡನೆಯದನ್ನು ಹೇಳುವುದಿಲ್ಲ. ಇಂದಿಗೂ ಮನೆಯಲ್ಲಿ ಫ್ಯಾಕ್ಸ್ ಇಟ್ಟುಕೊಂಡಿರುವ ಕೆಲವರು ಆಗಾಗ ನನ್ನನ್ನು ಈ ಜೋಡಣೆಯ ಬಗ್ಗೆ ಕೇಳುವುದರಿಂದ, ನಮ್ಮ ಮನೆಯ ಬಳಕೆಯಿಂದ ತಿಳಿದದ್ದನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ನಮ್ಮ ತಂದೆಯವರು ಶಿರಸಿಯಲ್ಲಿ ವಕೀಲರಾಗಿದ್ದರು, ಮನೆಯ ಜಗಲಿಯೇ ಅವರ ಕಚೇರಿಯಾಗಿತ್ತು. ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾದದ್ದು 2008ರಲ್ಲಿ. ಅದಕ್ಕೆ ಮೊದಲು ಉತ್ತರ ಕನ್ನಡದ ಮೇಲ್ಮನವಿಗಳೆಲ್ಲ ಬೆಂಗಳೂರಿಗೇ ಹೋಗಬೇಕಿದ್ದುದರಿಂದ, ಅಲ್ಲಿ ಸಿಕ್ಕಿದ ತಡೆಯಾಜ್ಞೆಯ ಪ್ರತಿಯೊಂದು ಅಂಚೆಯಲ್ಲಿ ಘಟ್ಟದ ಮೇಲಿನ ಈ ಊರು ಸೇರುವಷ್ಟರಲ್ಲಿ ಇಲ್ಲಿ ಆಗಬಾರದ ಕೆಲಸ ಆಗಿಬಿಡುವ ಭಯವಿರುತ್ತಿತ್ತು. ಜಗಲಿಗೆ ಫ್ಯಾಕ್ಸ್ ಯಂತ್ರ ಬಂದದ್ದು ಆ ಕಾರಣಕ್ಕೆ. ಆದರೆ ಅದಕ್ಕೆಂದೇ ಇನ್ನೊಂದು ಸಂಪರ್ಕ ಪಡೆಯುವುದು ಸುಲಭವಾಗಿರಲಿಲ್ಲ. ಹೀಗಾಗಿ ಕಕ್ಷಿದಾರರ ಕರೆ, ನೆಂಟರಿಷ್ಟರ ಕರೆ, ಬೆಂಗಳೂರಿನ ಫ್ಯಾಕ್ಸ್ ಎಲ್ಲವೂ ಅದೇ ಎರಡೆಳೆ ತಂತಿಯಲ್ಲಿ ಬರಬೇಕಾಯಿತು.

ಆ ಎರಡೆಳೆಯಲ್ಲಿ ನಡೆಯುವುದೇನು ಎಂಬುದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ರಿಸೀವರ್ ಇಟ್ಟಿರುವಾಗ ತಾಮ್ರದ ಜೋಡಿಯಲ್ಲಿ ಎಕ್ಸ್‌ಚೇಂಜಿನಿಂದ ಸುಮಾರು 48 ವೋಲ್ಟಿನ ನೇರ ವಿದ್ಯುತ್ ನಿಂತಿರುತ್ತದೆ. ರಿಸೀವರ್ ಎತ್ತಿದೊಡನೆ ಸುತ್ತು ಪೂರ್ಣಗೊಂಡು ವಿದ್ಯುತ್ ಹರಿಯತೊಡಗುತ್ತದೆ, ವೋಲ್ಟೇಜು ಹತ್ತರ ಆಸುಪಾಸಿಗೆ ಕುಸಿಯುತ್ತದೆ. ಯಾರೋ ಫೋನ್ ಎತ್ತಿದರು ಎಂದು ಎಕ್ಸ್‌ಚೇಂಜಿಗೆ ತಿಳಿಯುವುದು ಈ ಹರಿವಿನಿಂದ. ಎತ್ತಿದ್ದು ಮನುಷ್ಯನೋ ಯಂತ್ರವೋ, ಜಗಲಿಯಲ್ಲೋ ಉಪ್ಪರಿಗೆಯಲ್ಲೋ ಎಂಬುದು ಅದಕ್ಕೆ ತಿಳಿಯದು. ಒಂದು ಕಡೆ ಎತ್ತಿದ ಕೂಡಲೇ ಅದು ಗಂಟೆ ಬಾರಿಸುವುದನ್ನು ನಿಲ್ಲಿಸುತ್ತದೆ, ಕರೆ ಮಾಡಿದವರ ಲೆಕ್ಕದಲ್ಲಿ ಹಣ ಏರತೊಡಗುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಓದುಗರನ್ನು ಕೇಳಿಕೊಳ್ಳುತ್ತೇನೆ, ಏಕೆಂದರೆ ಫ್ಯಾಕ್ಸ್ ಯಂತ್ರದ ಸ್ವಯಂಚಾಲಿತ ವ್ಯವಸ್ಥೆಗಳ ಗುಣವೂ ದೋಷವೂ ಇದರಿಂದಲೇ ಹುಟ್ಟುತ್ತವೆ.

ಸಾಮಾನ್ಯವಾಗಿ ಲೈನ್‌ಮನ್ ಹೊರಗಿನಿಂದ ತಂದ ತಂತಿಯನ್ನು ಜಗಲಿಯ ಗೋಡೆಯ ರೋಸೆಟ್ಟಿನಲ್ಲಿ, ಅಂದರೆ ತಂತಿ ಕೂಡಿಸುವ ಚಿಕ್ಕ ಪೆಟ್ಟಿಗೆಯಲ್ಲಿ, ಕೊನೆಗೊಳಿಸಿ, ಬೇರೆ ಕೋಣೆಗಳಿಗೆ ಫೋನ್ ಬೇಕೆಂದರೆ ಅದೇ ರೋಸೆಟ್ಟಿನ ತಿರುಪುಗಳಿಂದ ಇನ್ನೊಂದು ಜೋಡಿ ಎಳೆದು ಪ್ಯಾರಲಲ್ ಫೋನ್ ಕೊಡುತ್ತಿದ್ದರು. ಫ್ಯಾಕ್ಸ್ ಬಂದಾಗಲೂ ಹೆಚ್ಚಿನ ಮನೆಗಳಲ್ಲಿ ಅದನ್ನು ಆ ಸಾಲಿನಲ್ಲೇ ಮತ್ತೊಂದು ಪ್ಯಾರಲಲ್ ಎಂಬಂತೆ ಸಿಕ್ಕಿಸಲಾಯಿತು. ಈ ಜೋಡಣೆಯಲ್ಲಿ ಕರೆ ಬರುತ್ತದೆ, ಫ್ಯಾಕ್ಸೂ ಬರುತ್ತದೆ. ಆದರೆ ಪುಟ ಅರ್ಧ ಬಂದಿರುವಾಗ ಉಪ್ಪರಿಗೆಯಲ್ಲಿ ಯಾರಾದರೂ ಫೋನ್ ಮಾಡಲೆಂದು ರಿಸೀವರ್ ಎತ್ತಿದರೆ, ಯಂತ್ರಕ್ಕೆ ಸಿಗುತ್ತಿದ್ದ ಸಂಜ್ಞೆಯ ಒಂದು ಪಾಲು ಆ ಫೋನಿಗೆ ಹೋಗುತ್ತದೆ, ಅದರ ಮೈಕಿನಿಂದ ಕೋಣೆಯ ಸದ್ದು ಲೈನಿಗೆ ಸೇರುತ್ತದೆ. ಪುಟದ ನಡುವೆ ಅಡ್ಡಗೆರೆಗಳು ಬೀಳುತ್ತವೆ, ಇಲ್ಲವೇ ಕರೆಯೇ ಕಡಿದುಹೋಗುತ್ತದೆ. ನ್ಯಾಯಾಲಯದ ಆದೇಶವೊಂದರಲ್ಲಿ ದಿನಾಂಕದ ಸಾಲಿನ ಮೇಲೆಯೇ ಗೆರೆ ಬಿದ್ದರೆ ಆ ಪುಟಕ್ಕೆ ಬೆಲೆಯಿಲ್ಲ. ದೋಷ ಸರಿಪಡಿಸುವ ವ್ಯವಸ್ಥೆಯುಳ್ಳ ಯಂತ್ರಗಳು ಕೆಟ್ಟ ಭಾಗವನ್ನು ಮತ್ತೆ ಕೇಳಿ ಪಡೆಯುತ್ತವೆ ನಿಜ, ಆದರೆ ರಿಸೀವರ್ ಕೆಳಗಿಡುವವರೆಗೆ ಅವೂ ಏನನ್ನೂ ಮಾಡಲಾರವು.

ಇದಕ್ಕೆ ನಿಜವಾದ ಪರಿಹಾರ ಯಂತ್ರದ ಬೆನ್ನಿನಲ್ಲೇ ಇದೆ. ಮನೆಬಳಕೆಯ ಬಹುತೇಕ ಫ್ಯಾಕ್ಸ್ ಯಂತ್ರಗಳಿಗೆ ಎರಡು ಆರ್‌ಜೆ11 ಕಿಂಡಿಗಳಿರುತ್ತವೆ. ಒಂದರ ಮೇಲೆ 'ಲೈನ್' ಎಂದಿರುತ್ತದೆ, ಇನ್ನೊಂದರ ಮೇಲೆ 'ಎಕ್ಸ್‌ಟಿ' ಅಥವಾ 'ಟೆಲ್' ಎಂದಿರುತ್ತದೆ. ಹೊರಗಿನ ತಂತಿಯನ್ನು ಲೈನ್ ಕಿಂಡಿಗೆ ಕೊಟ್ಟು, ಎಕ್ಸ್‌ಟಿ ಕಿಂಡಿಯಿಂದ ಹೊರಡುವ ತಂತಿಯನ್ನು ಇನ್ನೊಂದು ರೋಸೆಟ್ಟಿಗೆ ಒಯ್ದು, ಮನೆಯ ಎಲ್ಲ ಫೋನುಗಳನ್ನೂ ಆ ಎರಡನೆಯ ರೋಸೆಟ್ಟಿನಿಂದ ಕವಲೊಡೆಸುವುದು ನಾನು ಎಲ್ಲರಿಗೂ ಹೇಳುವ ಕ್ರಮ. ತೋಟಕ್ಕೆ ನೀರು ಬಿಡುವವರು ಕವಲುಗಳಲ್ಲಿ ಅಲ್ಲದೆ ತಲೆಗಾಲುವೆಯಲ್ಲೇ ತಡೆ ಇಡುವಂತೆ ಇದು. ಯಂತ್ರ ಸುಮ್ಮನಿರುವಾಗ ಒಳಗಿನ ರಿಲೇ ಎಂಬ ವಿದ್ಯುತ್ ಸ್ವಿಚ್ಚೊಂದು ಎರಡೂ ಕಿಂಡಿಗಳನ್ನು ನೇರವಾಗಿ ಕೂಡಿಸಿರುತ್ತದೆ, ಆದ್ದರಿಂದ ಹಿಂದಿರುವ ಫೋನುಗಳಿಗೆ ಗಂಟೆಯೂ ಡಯಲ್ ಟೋನೂ ಎಂದಿನಂತೆ ಸಿಗುತ್ತವೆ. ಯಂತ್ರ ಕೆಲಸಕ್ಕೆ ತೊಡಗಿದೊಡನೆ ರಿಲೇ ಬಿಟ್ಟುಕೊಂಡು ಹಿಂದಿನ ಫೋನುಗಳನ್ನೆಲ್ಲ ಲೈನಿನಿಂದ ಬೇರ್ಪಡಿಸುತ್ತದೆ. ಆಗ ಉಪ್ಪರಿಗೆಯಲ್ಲಿ ಯಾರು ಎತ್ತಿದರೂ ಅವರಿಗೆ ಕೇಳುವುದು ಮೌನ. ಪುಟಕ್ಕೆ ಏನೂ ಆಗುವುದಿಲ್ಲ.

ಎಲ್ಲ ಯಂತ್ರಗಳಲ್ಲೂ ಈ ರಿಲೇ ಇರುತ್ತದೆಂದು ನಂಬಬಾರದು. ಕೆಲವು ಅಗ್ಗದ ಮಾದರಿಗಳಲ್ಲಿ ಎರಡೂ ಕಿಂಡಿಗಳು ಒಳಗೆ ಬರಿದೇ ಪ್ಯಾರಲಲ್ ಆಗಿರುತ್ತವೆ. ಪರೀಕ್ಷೆ ಸುಲಭ: ಫ್ಯಾಕ್ಸ್ ಬರುತ್ತಿರುವಾಗ, ಕೆಟ್ಟರೂ ನಡೆಯುವ ಕಾಗದವೊಂದರ ಮೇಲೆ, ಎಕ್ಸ್‌ಟಿ ಕಡೆಯ ಫೋನನ್ನು ಎತ್ತಿ ನೋಡಬೇಕು. ಕಿರುಚುವ ಸದ್ದು ಕೇಳಿಸಿದರೆ ರಿಲೇ ಇಲ್ಲ, ಮೌನವಿದ್ದರೆ ಇದೆ. ಇನ್ನೊಂದು ಮಾತು. ಎರಡೂ ಕಿಂಡಿಗಳು ನೋಡಲು ಒಂದೇ ತೆರನಾಗಿರುವುದರಿಂದ ಧೂಳು ಒರೆಸಲು ಬಿಚ್ಚಿದವರು ಅದಲುಬದಲು ಸಿಕ್ಕಿಸುವುದು ತೀರ ಸಾಮಾನ್ಯ. ಫೋನುಗಳು ಸರಿಯಾಗಿದ್ದು ಫ್ಯಾಕ್ಸಿಗೆ ಮಾತ್ರ ಡಯಲ್ ಟೋನ್ ಸಿಗದಿದ್ದರೆ ಲೈನ್‌ಮನ್‌ಗೆ ಹೇಳಿ ಕಳಿಸುವ ಮೊದಲು ಇದನ್ನು ನೋಡಬೇಕು. ಯಂತ್ರ ದುರಸ್ತಿಗೆ ಹೋದಾಗ ಇಡೀ ಮನೆ ಮೂಕವಾಗದಂತೆ, ಎರಡೂ ತುದಿಗಳನ್ನು ನೇರವಾಗಿ ಕೂಡಿಸುವ ಚಿಕ್ಕ ಜೋಡುಕಿಂಡಿಯೊಂದನ್ನು ಯಂತ್ರದ ಪಕ್ಕದಲ್ಲೇ ಕಟ್ಟಿ ಇಟ್ಟಿರಬೇಕು.

ವಿದ್ಯುತ್ ಹೋದಾಗ ಏನಾಗುತ್ತದೆ ಎಂಬುದು ನಮ್ಮ ಕಡೆಯವರಿಗೆ ಸಣ್ಣ ವಿಷಯವಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಮತ್ತೆ ಬರುವ ಹೊತ್ತು ಹೇಳಲಾಗದು. ರಿಲೇ ಇರುವ ಯಂತ್ರಗಳಲ್ಲಿ ವಿದ್ಯುತ್ ಇಲ್ಲದಾಗ ಅದು ಕೂಡಿದ ಸ್ಥಿತಿಗೇ ಮರಳುವಂತೆ ಮಾಡಿರುತ್ತಾರೆ. ಹಾಗಾಗಿ ಎಕ್ಸ್‌ಟಿ ಕಡೆಯ ಸಾದಾ ಫೋನು ಎಕ್ಸ್‌ಚೇಂಜಿನ ವಿದ್ಯುತ್ತಿನಿಂದಲೇ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಹಲವು ಮಾದರಿಗಳಲ್ಲಿ ಯಂತ್ರದ ಮೈಗೇ ಅಂಟಿಕೊಂಡಿರುವ ರಿಸೀವರ್ ಕರೆಂಟಿಲ್ಲದೆ ಸತ್ತುಬಿದ್ದಿರುತ್ತದೆ, ಕಾರ್ಡ್‌ಲೆಸ್ ಫೋನಿನ ಪಾಡೂ ಅದೇ. ಆದ್ದರಿಂದ ಎಷ್ಟೇ ಹೊಸ ಉಪಕರಣಗಳಿದ್ದರೂ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕಿಲ್ಲದ ಒಂದು ಸಾದಾ ತಂತಿ ಫೋನನ್ನು ಆ ಸಾಲಿನಲ್ಲಿ ಉಳಿಸಿಕೊಳ್ಳಲೇಬೇಕು. ವಯಸ್ಸಾದವರಿರುವ ಮನೆಯಲ್ಲಿ ಇದು ಐಚ್ಛಿಕವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಕರೆ ಸ್ವೀಕರಿಸುವ ರೀತಿಗೆ ಬರೋಣ. ಯಂತ್ರಗಳಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ: ಎಲ್ಲ ಕರೆಗಳನ್ನೂ ಮನುಷ್ಯರೇ ಎತ್ತುವುದು, ಎಲ್ಲವನ್ನೂ ಯಂತ್ರವೇ ಫ್ಯಾಕ್ಸ್ ಎಂದು ಎತ್ತುವುದು, ಯಂತ್ರವೇ ಎತ್ತಿ ಬಂದದ್ದು ಮಾತೋ ಫ್ಯಾಕ್ಸೋ ಎಂದು ತಾನೇ ವಿಂಗಡಿಸುವುದು. ಉತ್ತರಿಸುವ ಯಂತ್ರದ ಜೊತೆ ಸೇರಿದ ನಾಲ್ಕನೆಯದೊಂದೂ ಇದೆ, ಅದು ನಮ್ಮ ಮನೆಗಳಲ್ಲಿ ಬಳಕೆಗೆ ಬರಲೇ ಇಲ್ಲ. ಮೂರನೆಯದು ಕೇಳಲು ಆಕರ್ಷಕವಾಗಿದೆ. ಕಳುಹಿಸುವ ಫ್ಯಾಕ್ಸ್ ಯಂತ್ರ ತಾನೇ ಡಯಲ್ ಮಾಡಿದಾಗ 1100 ಹರ್ಟ್ಸ್‌ನ ಸ್ವರವನ್ನು ಅರ್ಧ ಸೆಕೆಂಡು ನುಡಿಸಿ, ಮೂರು ಸೆಕೆಂಡು ಸುಮ್ಮನಿದ್ದು, ಮತ್ತೆ ನುಡಿಸುತ್ತ ಇರುತ್ತದೆ. ಸ್ವೀಕರಿಸುವ ಯಂತ್ರ ಲೈನ್ ಹಿಡಿದು ಈ ಸ್ವರಕ್ಕಾಗಿ ಕಿವಿಗೊಡುತ್ತದೆ. ಸ್ವರ ಕೇಳಿದರೆ ತನ್ನ 2100 ಹರ್ಟ್ಸ್‌ನ ಉತ್ತರವನ್ನು ಕೊಟ್ಟು ಫ್ಯಾಕ್ಸ್ ಪಡೆಯುತ್ತದೆ, ಕೇಳದಿದ್ದರೆ ಇದು ಮಾತಿನ ಕರೆಯೆಂದು ಬಗೆದು ಮನೆಯವರನ್ನು ಕರೆಯಲು ತನ್ನದೇ ಗಂಟೆಯನ್ನು ಬಾರಿಸುತ್ತದೆ.

ತೊಡಕು ಇಲ್ಲೇ ಇದೆ. ಆ ಎರಡನೆಯ ಗಂಟೆ ಎಕ್ಸ್‌ಚೇಂಜಿನಿಂದ ಬಂದದ್ದಲ್ಲ, ಯಂತ್ರದ ಸ್ಪೀಕರಿನಿಂದ ಬಂದದ್ದು. ಎಕ್ಸ್‌ಚೇಂಜಿನ ಮಟ್ಟಿಗೆ ಕರೆ ಆಗಲೇ ಎತ್ತಲ್ಪಟ್ಟಿದೆ, ಆದ್ದರಿಂದ ನಡುಮನೆಯ ಫೋನಾಗಲಿ ಉಪ್ಪರಿಗೆಯ ಫೋನಾಗಲಿ ಬಾರಿಸುವುದಿಲ್ಲ. ಜಗಲಿಯ ಸದ್ದು ಕೇಳದಷ್ಟು ದೂರದಲ್ಲಿರುವವರಿಗೆ ಕರೆ ಬಂದದ್ದೇ ತಿಳಿಯುವುದಿಲ್ಲ. ಅತ್ತ ಕರೆ ಮಾಡಿದವರ ಮೀಟರು ಓಡುತ್ತಲೇ ಇರುತ್ತದೆ. ಎಸ್‌ಟಿಡಿ ಬೂತಿನಲ್ಲಿ ನಿಂತು ಕೆಂಪು ಅಂಕಿಗಳನ್ನೇ ನೋಡುತ್ತ ಮಾತನಾಡುತ್ತಿದ್ದ ಕಾಲದಲ್ಲಿ, ಯಾರೂ ಮಾತನಾಡದಿದ್ದರೂ ಹಣ ಏರುವುದೆಂದರೆ ಆ ಕಕ್ಷಿದಾರನಿಗೆ ಮಾಡಿದ ಅನ್ಯಾಯವೇ. ತಂದೆಯವರು ಈ ವಿಂಗಡಣೆಯನ್ನು ಆ ಕಾರಣದಿಂದಲೇ ಒಪ್ಪಲಿಲ್ಲ, ಅವರ ನಿಲುವು ಸರಿಯಾಗಿತ್ತೆಂದು ನಾನೂ ನಂಬುತ್ತೇನೆ. ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಫ್ಯಾಕ್ಸ್ ಕಳುಹಿಸುವವರು ಯಂತ್ರಕ್ಕೆ ಡಯಲ್ ಮಾಡಲು ಬಿಡದೆ, ರಿಸೀವರ್ ಎತ್ತಿ ತಾವೇ ಸಂಖ್ಯೆ ಒತ್ತಿ, ಅತ್ತಲಿಂದ ದನಿ ಕೇಳಿದ ಮೇಲೆ "ಟೋನ್ ಕೊಡಿ", ಅಂದರೆ ಕರೆಯನ್ನು ನಿಮ್ಮ ಫ್ಯಾಕ್ಸ್ ಯಂತ್ರಕ್ಕೆ ಒಪ್ಪಿಸಿ, ಎನ್ನುವುದು ರೂಢಿ. ಹೀಗೆ ಕೈಯಿಂದ ಮಾಡಿದ ಕರೆಯಲ್ಲಿ 1100 ಹರ್ಟ್ಸ್‌ನ ಸ್ವರ ಇರಲೇಬೇಕೆಂಬ ನಿಯಮವಿಲ್ಲ, ಎಷ್ಟೋ ಯಂತ್ರಗಳು ಆಗ ಅದನ್ನು ನುಡಿಸುವುದೂ ಇಲ್ಲ. ವಿಂಗಡಿಸುವ ಯಂತ್ರಕ್ಕೆ ಅದು ಮಾತಿನ ಕರೆಯಾಗಿಯೇ ಕಾಣುತ್ತದೆ. ಅತ್ತಲಿನವರು ಟೋನ್ ಬರಲೆಂದು ಕಾಯುತ್ತಾರೆ, ಇತ್ತಲಿನ ಯಂತ್ರ ಮನುಷ್ಯ ಬರಲೆಂದು ಕಾಯುತ್ತದೆ.

ಹೀಗಾಗಿ ಒಂದೇ ಲೈನಿನ ಮನೆಗೆ ಹೊಂದುವುದು ಮೊದಲನೆಯ ಆಯ್ಕೆ: ಜನರಿರುವ ಹೊತ್ತಿನಲ್ಲಿ ಜನರೇ ಎತ್ತಬೇಕು, ಎತ್ತಿದ ಮೇಲೆ ಫ್ಯಾಕ್ಸ್ ಎಂದು ತಿಳಿದರೆ ಯಂತ್ರಕ್ಕೆ ಒಪ್ಪಿಸಬೇಕು. ಒಪ್ಪಿಸುವ ಕೆಲಸಕ್ಕೆ ಪ್ರತಿ ಬಾರಿ ಜಗಲಿಗೆ ಓಡಬೇಕಾಗಿಲ್ಲ ಎಂಬುದೇ ಹೆಚ್ಚುವರಿ ಫೋನುಗಳ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ, ಆದರೆ ಅತಿ ಕಡಿಮೆ ಜನರಿಗೆ ತಿಳಿದಿರುವ ಸಂಗತಿ. ಬೇರೆ ಕೋಣೆಯ ಫೋನಿನಿಂದಲೇ ಒಂದು ಸಂಕೇತ ಒತ್ತಿ ಯಂತ್ರವನ್ನು ಎಬ್ಬಿಸಬಹುದು. ಪ್ಯಾನಸಾನಿಕ್‌ನ ಹಲವು ಮಾದರಿಗಳಲ್ಲಿ ಅದು *#9, ಬ್ರದರ್ ಯಂತ್ರಗಳಲ್ಲಿ *51, ಕ್ಯಾನನ್‌ನ ಹಲವು ಮಾದರಿಗಳಲ್ಲಿ 25. ನಿಮ್ಮ ಯಂತ್ರದ ಸಂಕೇತವನ್ನು ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ, ಕೆಲವು ಯಂತ್ರಗಳಲ್ಲಿ ಈ ಸೌಲಭ್ಯವನ್ನು ಮೊದಲು ಮೆನುವಿನಲ್ಲಿ ತೆರೆದಿಡಬೇಕಾಗುತ್ತದೆ.

ಉಪ್ಪರಿಗೆಯ ಫೋನ್ ಎತ್ತಿದವರಿಗೆ ಮೂರೂವರೆ ಸೆಕೆಂಡಿಗೊಮ್ಮೆ ಚಿಕ್ಕ ಪೀಪ್ ಸದ್ದು ಕೇಳಿಸಿದರೆ, ಅಥವಾ ಅತ್ತಲಿಂದ ಯಾರೋ "ಟೋನ್ ಕೊಡಿ" ಎಂದರೆ, ಅವರು ಸಂಕೇತವನ್ನು ಅವಸರವಿಲ್ಲದೆ ಒಂದೊಂದಾಗಿ ಒತ್ತಬೇಕು, ಯಂತ್ರ ಲೈನ್ ಹಿಡಿದ ಸೂಚನೆಯಾಗಿ ಉದ್ದನೆಯ ಸ್ವರ ಕೇಳಿಸುವವರೆಗೆ ಅಥವಾ ಲೈನ್ ಮೌನವಾಗುವವರೆಗೆ ಕಾಯಬೇಕು, ಆಮೇಲೆ ಮಾತ್ರ ರಿಸೀವರ್ ಇಡಬೇಕು. ಯಂತ್ರ ಹಿಡಿಯುವ ಮುನ್ನವೇ ಇಟ್ಟರೆ ಕರೆ ಕಡಿದುಹೋಗುತ್ತದೆ. ಸಮಯವೂ ಬಹಳವಿಲ್ಲ: ಎರಡು ಫ್ಯಾಕ್ಸ್ ಯಂತ್ರಗಳು ಒಂದನ್ನೊಂದು ಗುರುತಿಸಿಕೊಳ್ಳಲು ಅಂತರರಾಷ್ಟ್ರೀಯ ನಿಯಮ ಕೊಡುವ ಅವಧಿ ಸುಮಾರು 35 ಸೆಕೆಂಡು, ಅದರೊಳಗೆ ಉತ್ತರ ಸಿಗದಿದ್ದರೆ ಕಳುಹಿಸುವ ಯಂತ್ರ ಕೈಬಿಡುತ್ತದೆ. ಕಿರಿಯರಿಗೆ ಇದು ಒಮ್ಮೆ ಹೇಳಿದರೆ ಸಾಕು. ಆದರೆ ಪೀಪ್ ಸದ್ದು ಕೇಳಿದೊಡನೆ ಫೋನ್ ಕೆಟ್ಟಿದೆಯೆಂದು ಇಟ್ಟುಬಿಡುವುದು ಹಿರಿಯರ ಸಹಜ ಪ್ರತಿಕ್ರಿಯೆ. ನಮ್ಮ ತಾಯಿಯವರಿಗೆ ಈ ಕೆಲಸ ಒಗ್ಗಿದ್ದು, ಪ್ರತಿ ಫೋನಿನ ಮೇಲೂ ಸಂಕೇತವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ ಮೇಲೆ, ಮತ್ತು ಪರಿಚಿತರೊಬ್ಬರಿಂದ ಬೇಕೆಂದೇ ಫ್ಯಾಕ್ಸ್ ಕಳುಹಿಸಿಕೊಂಡು ತಾಯಿಯವರಿಂದಲೇ ಅದನ್ನು ಎತ್ತಿಸಿದ ಮೇಲೆ. ಅನಂತರ ಅವರೇ ಹೆಚ್ಚಿನ ಫ್ಯಾಕ್ಸುಗಳನ್ನು ಅಡಿಗೆಮನೆಯ ಬಾಗಿಲ ಬಳಿಯ ಫೋನಿನಿಂದ ಜಗಲಿಗೆ ದಾಟಿಸುತ್ತಿದ್ದರು. ಯಾವ ಜೋಡಣೆಯೇ ಆಗಲಿ, ಮನೆಯಲ್ಲಿ ಹಗಲು ಹೊತ್ತು ಇರುವವರಿಗೆ ಅದು ಒಗ್ಗದಿದ್ದರೆ ಅದನ್ನು ಮುಗಿದ ಕೆಲಸವೆಂದು ನಾನು ಲೆಕ್ಕಿಸುವುದಿಲ್ಲ.

ಈ ಸಂಕೇತ ಕೆಲಸ ಮಾಡಬೇಕಾದರೆ ಅಂಕಿ ಒತ್ತಿದಾಗ ಫೋನು ಟೋನ್, ಅಂದರೆ ಆ ಅಂಕಿಯ ಸ್ವರ, ನುಡಿಸಬೇಕು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಕಾರ್ಖಾನೆಯ ತಿರುಗುವ ಡಯಲಿನ ಕಪ್ಪು ಫೋನನ್ನು ಪ್ರೀತಿಯಿಂದ ಉಳಿಸಿಕೊಂಡಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ; ಅದು ಲೈನನ್ನು ಕಡಿದು ಕೂಡಿಸಿ ಅಂಕಿಗಳನ್ನು ಎಣಿಸುವ ಉಪಕರಣವಾದ್ದರಿಂದ ಅದರಿಂದ ಯಂತ್ರವನ್ನು ಎಬ್ಬಿಸಲಾಗದು. ಅಂಥ ಫೋನನ್ನು ಜಗಲಿಯಲ್ಲೇ, ಯಂತ್ರದ ಸ್ಟಾರ್ಟ್ ಗುಂಡಿ ಕೈಗೆಟಕುವಷ್ಟು ಹತ್ತಿರದಲ್ಲಿ ಇಡುವುದು ಒಳ್ಳೆಯದು. ಗುಂಡಿ ಫೋನುಗಳಲ್ಲಿ ಹೊಟ್ಟೆಯ ಕೆಳಗೊಂದು ಪಲ್ಸ್–ಟೋನ್ ಸ್ವಿಚ್ಚು ಇರುತ್ತದೆ, ಅದು ಟೋನ್ ಕಡೆಗಿರಬೇಕು. ದೂರಸಂಪರ್ಕ ತಂತ್ರಜ್ಞಾನ ರೂಪಿಸುವ ಸರ್ಕಾರಿ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಆರಂಭವಾಗಿ, ಮುಂದೆ ಹಳ್ಳಿಹಳ್ಳಿಗೂ ಇಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದವಷ್ಟೆ. ಆದರೆ ಹಳೆಯ ಎಕ್ಸ್‌ಚೇಂಜ್ ಇದ್ದ ಊರುಗಳಲ್ಲೂ ಈ ಸಂಕೇತ ನಡೆಯುತ್ತಿತ್ತು, ಏಕೆಂದರೆ ಕರೆ ಕೂಡಿದ ಮೇಲೆ ಒತ್ತುವ ಟೋನ್ ಮಾತಿನಂತೆಯೇ ತಂತಿಯಲ್ಲಿ ಸಾಗುತ್ತದೆ, ಅದನ್ನು ಅರ್ಥಮಾಡಿಕೊಳ್ಳಬೇಕಾದದ್ದು ಯಂತ್ರವೇ ಹೊರತು ಎಕ್ಸ್‌ಚೇಂಜಲ್ಲ. ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆಯೂ ಬೇಕು. ಬ್ಯಾಂಕಿನ ದೂರವಾಣಿ ಸೇವೆಗೆ ಕರೆ ಮಾಡಿ ಖಾತೆಯ ಸಂಖ್ಯೆ ಒತ್ತುವಾಗ 25ರಂಥ ಚಿಕ್ಕ ಸಂಕೇತ ತಾನಾಗಿಯೇ ನಡುವೆ ಬಂದುಬಿಟ್ಟರೆ ಯಂತ್ರ ಲೈನನ್ನು ಕಸಿದುಕೊಳ್ಳಬಹುದು. ಸಂಕೇತ ಬದಲಿಸಲು ಅವಕಾಶವಿದ್ದರೆ ನಕ್ಷತ್ರ ಚಿಹ್ನೆಯಿಂದ ಆರಂಭವಾಗುವುದನ್ನು ಆರಿಸಿಕೊಳ್ಳಬೇಕು.

ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಯಂತ್ರವೇ ಎತ್ತಲಿ ಎಂದು ಬಿಡುವುದಾದರೆ, ಎಷ್ಟು ಸಲ ಗಂಟೆ ಬಾರಿಸಿದ ಅನಂತರ ಎಂಬುದನ್ನು ನಿಗದಿ ಮಾಡಬಹುದು. ನಮ್ಮ ದೇಶದ ಜೋಡಿ ಗಂಟೆ ಒಂದು ಸುತ್ತಿಗೆ ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಆರು ಸಲ ಎಂದಿಟ್ಟರೆ ಹದಿನೆಂಟು ಸೆಕೆಂಡು. ಹಿತ್ತಲಿನಿಂದ ನಡುಮನೆಗೆ ಬರಲು ಅಷ್ಟು ಸಾಕು. ಕಾರ್ಖಾನೆಯಿಂದ ಬಂದಂತೆಯೇ ಎರಡೇ ಸಲಕ್ಕೆ ಬಿಟ್ಟಿದ್ದರೆ ಮನೆಯವರು ಯಾವ ಕರೆಯನ್ನೂ ಎತ್ತಲಾರರು.

ಫೋನುಗಳ ಸಂಖ್ಯೆಗೂ ಮಿತಿಯಿದೆ. ಗಂಟೆ ಬಾರಿಸಲು ಎಕ್ಸ್‌ಚೇಂಜ್ ಕಳುಹಿಸುವ 75 ವೋಲ್ಟ್ ಆಸುಪಾಸಿನ ಪರ್ಯಾಯ ವಿದ್ಯುತ್ತಿಗೆ ನಿರ್ದಿಷ್ಟ ಶಕ್ತಿಯಷ್ಟೇ ಇರುತ್ತದೆ. ನಿಜವಾದ ಲೋಹದ ಗಂಟೆಯುಳ್ಳ ಹಳೆಯ ಫೋನು ಅದರಲ್ಲಿ ದೊಡ್ಡ ಪಾಲನ್ನು ತಿನ್ನುತ್ತದೆ, ಇಲೆಕ್ಟ್ರಾನಿಕ್ ಫೋನು ಸ್ವಲ್ಪವನ್ನೇ. ಎಕ್ಸ್‌ಚೇಂಜಿನಿಂದ ದೂರದಲ್ಲಿರುವ ಮನೆಯಲ್ಲಿ ಲೋಹದ ಗಂಟೆಯ ಫೋನುಗಳನ್ನು ಸಾಲಾಗಿ ಜೋಡಿಸುತ್ತ ಹೋದರೆ ಎಲ್ಲವೂ ಕ್ಷೀಣವಾಗಿ ಬಾರಿಸುತ್ತವೆ, ಫ್ಯಾಕ್ಸ್ ಯಂತ್ರವಂತೂ ಗಂಟೆಯನ್ನು ಗುರುತಿಸುವುದನ್ನೇ ಬಿಟ್ಟುಬಿಡಬಹುದು. ಅದೇ ವಿದ್ಯುತ್ತು ರೋಸೆಟ್ ಬಿಚ್ಚಿ ಕೈಯಿಟ್ಟಿರುವಾಗ ಬಂದರೆ ಚುರುಕಾಗಿಯೇ ತಟ್ಟುತ್ತದೆ. ತಂತಿ ಜೋಡಿಸುವಾಗ ಹೊರಗಿನ ಜೋಡಿಯನ್ನು ಕೊನೆಗೆ ಸೇರಿಸುವುದು ಕ್ಷೇಮ.

ಜೋಡಣೆ ಸರಿಯಿದ್ದೂ ಫ್ಯಾಕ್ಸ್ ಕೆಡುತ್ತಿದ್ದರೆ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ರೋಸೆಟ್ಟಿನ ತಿರುಪುಗಳನ್ನು. ಮಲೆನಾಡಿನ ಮಳೆಗಾಲದ ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತದೆ, ಅಲ್ಲಿ ಕರಕರ ಸದ್ದು ಹುಟ್ಟುತ್ತದೆ. ಮನುಷ್ಯನ ಕಿವಿ ಆ ಸದ್ದನ್ನು ದಾಟಿ ಮಾತನ್ನು ಹಿಡಿಯಬಲ್ಲದು, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಪುಟವನ್ನು ಪಡೆಯುತ್ತಿರುವ ಯಂತ್ರಕ್ಕೆ ಅದು ಸಾಧ್ಯವಿಲ್ಲ. ಎಲ್ಲ ಫೋನುಗಳನ್ನೂ ಬಿಡಿಸಿ, ಮೊದಲ ರೋಸೆಟ್ಟಿಗೆ ಒಂದೇ ಫೋನನ್ನು ಸಿಕ್ಕಿಸಿ, ಒಂದು ಅಂಕಿ ಒತ್ತಿ ಡಯಲ್ ಟೋನ್ ನಿಂತ ಮೇಲಿನ ಮೌನವನ್ನು ಗಮನವಿಟ್ಟು ಕೇಳಬೇಕು. ಅಲ್ಲಿ ಸದ್ದಿಲ್ಲದಿದ್ದರೆ ದೋಷ ಮನೆಯೊಳಗಿನದು. ಹಾಗಿದ್ದಲ್ಲಿ ಒಂದೊಂದೇ ಕವಲನ್ನು ಸೇರಿಸುತ್ತ ಬಂದರೆ ಯಾವುದರಲ್ಲಿ ಸದ್ದು ಹುಟ್ಟುತ್ತದೆಂದು ಸಿಕ್ಕಿಬೀಳುತ್ತದೆ. ಒಳಗೆ ಎಳೆಯುವ ತಂತಿ ಹೆಣೆದ ಜೋಡಿಯಾಗಿರಲಿ, ಮನೆಯ ವಿದ್ಯುತ್ ಪೈಪಿನೊಳಗೆ ಅದನ್ನು ತೂರಿಸಬೇಡಿ. ಗುಂಯ್ ಎನ್ನುವ ಸದ್ದು ಬರುವುದಷ್ಟೇ ಅಲ್ಲ, ಅದು ಅಪಾಯವೂ ಹೌದು. ಗುಡುಗು ಮಿಂಚಿನ ಹೊತ್ತಿನಲ್ಲಿ ಯಂತ್ರದ ವಿದ್ಯುತ್ ಪ್ಲಗ್ಗನ್ನು ತೆಗೆದರೆ ಸಾಲದು, ಲೈನ್ ಕಿಂಡಿಯ ತಂತಿಯನ್ನೂ ಕಳಚಬೇಕು. ಮಿಂಚಿನ ಹೊಡೆತ ಕಂಬದ ಮೇಲಿನ ದೂರವಾಣಿ ತಂತಿಯಿಂದಲೂ ಬರುತ್ತದೆ. ಆದರೆ ಮಿಂಚು ಆರಂಭವಾದ ಮೇಲೆ ಮುಟ್ಟಲು ಹೋಗಬಾರದು, ಮೋಡ ಕವಿಯುವಾಗಲೇ ಕಳಚಿಡಬೇಕು.

ಈಗ ಹೊಸದಾಗಿ ಫೋನುಗಳನ್ನು ಹೆಚ್ಚಿಸುವವರಿಗೆ ನಾನು ಕೋಣೆಕೋಣೆಗೂ ತಂತಿ ಎಳೆಯಲು ಹೇಳುವುದಿಲ್ಲ. ಎರಡು ಮೂರು ಕೈಫೋನುಗಳಿರುವ ಕಾರ್ಡ್‌ಲೆಸ್ ಒಂದನ್ನು ಎಕ್ಸ್‌ಟಿ ಕಡೆಗೆ ಸಿಕ್ಕಿಸಿದರೆ, ಲೈನಿನ ಮಟ್ಟಿಗೆ ಅದು ಒಂದೇ ಫೋನು, ಮನೆಯ ಮಟ್ಟಿಗೆ ಹಲವು. ಸಂಕೇತವನ್ನು ಅದರಿಂದಲೂ ಒತ್ತಬಹುದು. ಕಾಲ್ ವೇಟಿಂಗ್ ಸೌಲಭ್ಯವಿದ್ದರೆ ಅದನ್ನು ತೆಗೆಸಬೇಕು, ಪುಟ ಬರುತ್ತಿರುವಾಗ ನಡುವೆ ನುಡಿಯುವ ಅದರ ಪೀಪ್ ಕೂಡ ಕರೆಯನ್ನು ಕಡಿಯಬಲ್ಲದು. ಕಳುಹಿಸುವವರಿಗೆ ಕನ್ನಡದ ಕಾಗದವನ್ನು 'ಫೈನ್' ಮಟ್ಟದಲ್ಲಿ ಕಳುಹಿಸಲು ಹೇಳುವುದನ್ನು ಮರೆಯಬಾರದು. ಸಾಮಾನ್ಯ ಮಟ್ಟದಲ್ಲಿ ಮೇಲಿಂದ ಕೆಳಕ್ಕೆ ಮಿಲಿಮೀಟರಿಗೆ 3.85 ಗೆರೆಗಳಷ್ಟೇ ಇರುವುದರಿಂದ ಒತ್ತಕ್ಷರಗಳು ಕಲಸಿಹೋಗುತ್ತವೆ. ಫೈನ್‌ನಲ್ಲಿ ಅದರ ಎರಡರಷ್ಟು ಗೆರೆಗಳು, ಹೆಚ್ಚುಕಡಿಮೆ ಎರಡರಷ್ಟು ಹೊತ್ತು. ಅಷ್ಟು ಹೊತ್ತೂ ಮನೆಯವರಿಗೆ ಫೋನ್ ಇಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

2005ರಿಂದೀಚೆಗೆ ಬಿಎಸ್‌ಎನ್‌ಎಲ್ ಅದೇ ತಾಮ್ರದ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಕೊಟ್ಟಾಗ ಸಾಲಿನ ತಲೆಗೆ ಇನ್ನೊಂದು ವಸ್ತು ಬಂತು. ಮಾತು ಮತ್ತು ಫ್ಯಾಕ್ಸ್ 300ರಿಂದ 3400 ಹರ್ಟ್ಸ್‌ನೊಳಗೆ ಸಾಗಿದರೆ ಇಂಟರ್ನೆಟ್ಟು 25 ಕಿಲೋಹರ್ಟ್ಸ್‌ಗಿಂತ ಮೇಲೆ ಸಾಗುತ್ತದೆ. ಅವೆರಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಮೊದಲು ಬರಬೇಕು, ಅದರ ಫೋನ್ ಕಿಂಡಿಯಿಂದ ಫ್ಯಾಕ್ಸು, ಫ್ಯಾಕ್ಸಿನ ಎಕ್ಸ್‌ಟಿಯಿಂದ ಉಳಿದ ಫೋನುಗಳು. ಹಳೆಯ ಪ್ಯಾರಲಲ್ ಕವಲೊಂದು ಸ್ಪ್ಲಿಟರಿನ ಮೊದಲೇ ಉಳಿದುಹೋಗಿದ್ದರೆ, ಆ ಫೋನ್ ಎತ್ತಿದಾಗಲೆಲ್ಲ ಶೂ ಎಂಬ ಸದ್ದೂ ಇಂಟರ್ನೆಟ್ ಕಡಿತವೂ ತಪ್ಪಿದ್ದಲ್ಲ.

ಈಗ ಹಲವು ಮನೆಗಳಿಗೆ ತಾಮ್ರ ಹೋಗಿ ಫೈಬರ್ ಬಂದಿದೆ. ಲ್ಯಾಂಡ್‌ಲೈನ್ ಸಂಖ್ಯೆ ಅದೇ ಉಳಿದರೂ, ಫೋನ್ ಸಿಕ್ಕಿಸಬೇಕಾದದ್ದು ಫೈಬರ್ ಪೆಟ್ಟಿಗೆಯ ಫೋನ್ ಕಿಂಡಿಗೆ. ಫ್ಯಾಕ್ಸನ್ನು ಆ ಕಿಂಡಿಗೆ ಕೊಟ್ಟು, ಅದರ ಹಿಂದೆ ಮನೆಯ ಫೋನುಗಳನ್ನು ಕೊಡುವ ಕ್ರಮ ಇಲ್ಲಿಯೂ ಬದಲಾಗುವುದಿಲ್ಲ. ಬದಲಾಗುವುದು ಉಳಿದದ್ದು. ಗಾಜಿನ ಎಳೆಯಲ್ಲಿ ಎಕ್ಸ್‌ಚೇಂಜಿನ ವಿದ್ಯುತ್ ಬರುವುದಿಲ್ಲ, ಗಂಟೆಯನ್ನು ಆ ಪೆಟ್ಟಿಗೆಯೇ ಬಾರಿಸಬೇಕು, ಅದರ ಬಲ ಕಡಿಮೆ. ಲೋಹದ ಗಂಟೆಯ ಹಳೆಯ ಫೋನನ್ನು ಅದರ ಮೇಲೆ ಹೇರದಿರುವುದು ಲೇಸು. ಕರೆಂಟು ಹೋದರೆ ಸಾದಾ ಫೋನೂ ಮೂಕವಾಗುತ್ತದೆ, ಆದ್ದರಿಂದ ಪೆಟ್ಟಿಗೆಗೆ ಚಿಕ್ಕ ಯುಪಿಎಸ್ ಇಡಲೇಬೇಕು. ಮಾತೆಲ್ಲ ಅಂಕಿಗಳ ಪೊಟ್ಟಣಗಳಾಗಿ ಸಾಗುವುದರಿಂದ, ನಡುವೆ ಒಂದೆರಡು ಪೊಟ್ಟಣ ಕಳೆದರೆ ಕಿವಿಗೆ ತಿಳಿಯದಿದ್ದರೂ ಫ್ಯಾಕ್ಸ್ ಎಡವುತ್ತದೆ. ಸದ್ದನ್ನು ಅಂಕಿಗಳಾಗಿಸುವ, ಸಂಕೋಚನವಿಲ್ಲದ ಜಿ.711 ಪದ್ಧತಿ ಅಥವಾ ಫ್ಯಾಕ್ಸಿಗೆಂದೇ ಇರುವ ಟಿ.38 ವ್ಯವಸ್ಥೆ ತಮ್ಮ ಸಂಪರ್ಕದಲ್ಲಿ ಇದೆಯೇ ಎಂದು ಸೇವೆ ಕೊಡುವವರನ್ನು ಕೇಳಬೇಕು. ಸೂಪರ್ ಜಿ3 ಎಂಬ ಅತಿವೇಗವನ್ನು ಯಂತ್ರದ ಮೆನುವಿನಲ್ಲಿ ಮುಚ್ಚಿ, ವೇಗವನ್ನು 9600ಕ್ಕೆ ಇಳಿಸಿಟ್ಟರೆ ಸಾಮಾನ್ಯವಾಗಿ ಪುಟಗಳು ಬರುತ್ತವೆ. ಹಾಗೂ ಬರದಿದ್ದರೆ ಹಿಂದಿರುವ ಫೋನುಗಳನ್ನೆಲ್ಲ ಕಳಚಿ, ಯಂತ್ರವೊಂದನ್ನೇ ಪೆಟ್ಟಿಗೆಗೆ ಸಿಕ್ಕಿಸಿ ಇನ್ನೊಮ್ಮೆ ಪ್ರಯತ್ನಿಸಬೇಕು. ಆಗಲೂ ಅದೇ ಹಂತದಲ್ಲಿ ನಿಂತರೆ ತೊಂದರೆ ಮನೆಯ ಫೋನುಗಳದ್ದಲ್ಲ, ಯಂತ್ರದಲ್ಲೋ ಹೊರಗಿನ ಜಾಲದಲ್ಲೋ ಇದೆ ಎಂದು ತಿಳಿದು ಮುಂದುವರಿಯಬಹುದು.